ಕೆರೆ ಇರುವ ಬಡಾವಣೆಗೆ ಒಟ್ಟು ನಿರ್ವಹಣೆಯ ಪ್ಯಾಕೇಜ್: ಗೇಟಿಗೆ ಸರಿ, ನೀರಿಗೆ ಸಾಲದು

ಮೈಸೂರಿನ ರಿಂಗ್ ರೋಡಿನಾಚೆ ಎದ್ದ ಗೇಟೆಡ್ ಬಡಾವಣೆಗಳಲ್ಲಿ ನಡುವೆ ಒಂದು ಎಕರೆ, ಒಂದೂವರೆ ಎಕರೆ ಕೆರೆ ತೋಡಿಸಿ, ಅದನ್ನೇ ತೋರಿಸಿ ಸೈಟು ಮಾರಿದವೂ ಇವೆ. ಡೆವಲಪರ್ ಕೈತೊಳೆದುಕೊಂಡ ಮೇಲೆ ಅಸೋಸಿಯೇಷನ್ ಮುಂದೆ ಬರುವುದು ಫೆಸಿಲಿಟಿ ಮ್ಯಾನೇಜ್‌ಮೆಂಟ್ ಏಜೆನ್ಸಿಗಳ ಕೋಟೇಶನ್: ಸೆಕ್ಯುರಿಟಿ, ಕಸ, ಗಾರ್ಡನ್, ಎಸ್‌ಟಿಪಿ (ಕೊಳಚೆ ನೀರಿನ ಶುದ್ಧೀಕರಣ ಘಟಕ), ಲೆಕ್ಕಪತ್ರ, ಕಟ್ಟಕಡೆಗೆ ಒಂದು ಸಾಲಿನಲ್ಲಿ ಲೇಕ್ ಮೇಂಟೆನೆನ್ಸ್. ಎಲ್ಲ ಸೇರಿ ತಿಂಗಳಿಗೆ ಇಷ್ಟು. ಈ ವಿಮರ್ಶೆ ಯಾವುದೋ ಒಂದು ಏಜೆನ್ಸಿಯದಲ್ಲ, ಆ ಪ್ಯಾಕೇಜಿನದು; ಕರಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಕೆರೆಯ ಸಾಲನ್ನು ಹೊಡೆದುಹಾಕಿಸಿ, ಅದಕ್ಕೆ ಬೇರೆ ಕರಾರು ಮಾಡಿಕೊಳ್ಳಿ. ಉಳಿದದ್ದನ್ನು ಧೈರ್ಯವಾಗಿ ಕೊಡಬಹುದು.

ಉಳಿದದ್ದು ನಿಜಕ್ಕೂ ಚೆನ್ನಾಗಿದೆ. ಒಬ್ಬ ಗಾರ್ಡ್ ರಜೆ ಹಾಕಿದರೆ ಬದಲಿ ಆಳು ಬರುತ್ತಾನೆ, ಕಸ ಹೊತ್ತಿಗೆ ಸರಿಯಾಗಿ ಹೋಗುತ್ತದೆ, ಬಾಕಿ ಉಳಿಸಿಕೊಂಡವರ ಪಟ್ಟಿ ಪ್ರತಿ ತಿಂಗಳೂ ಕೈಗೆ ಸಿಗುತ್ತದೆ. ಸೆಕ್ಯುರಿಟಿ ಏಜೆನ್ಸಿಗೆ ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಡಿ (ಪಸಾರಾ) ಲೈಸೆನ್ಸ್ ಇದೆಯೇ ನೋಡಿ. ಬಿಲ್ಲಿನ ಜೊತೆ ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್‌ಗಳನ್ನು ಕೆಲಸಗಾರರ ಹೆಸರಿನ ಸಮೇತ ಕೊಡದಿದ್ದರೆ ಹಣ ತಡೆಹಿಡಿಯಿರಿ. ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಆದರೆ ಅಸೋಸಿಯೇಷನ್ ಸದಸ್ಯರಿಂದ ವಸೂಲು ಮಾಡುವ ಮೇಂಟೆನೆನ್ಸ್ ತಲಾ ತಿಂಗಳಿಗೆ 7,500 ರೂಪಾಯಿ ದಾಟದಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಇವೆರಡನ್ನೂ ಕಲಸಿ ಸದಸ್ಯರ ಮೇಲೆ ತೆರಿಗೆ ಹಾಕಿ ಕೂರುವ ಅಕೌಂಟೆಂಟ್‌ಗಳಿದ್ದಾರೆ, ಗಮನವಿರಲಿ.

ಈಗ ಕೆರೆಗೆ ಬರೋಣ. ಆ ಒಂದು ಸಾಲಿನ ಅರ್ಥ ಸಾಮಾನ್ಯವಾಗಿ ಮೂರೇ ಕೆಲಸ: ತೇಲುವ ಕಸ ಎತ್ತುವುದು, ಫೌಂಟನ್ ಹಾಕುವುದು, ನೀರು ಹಸಿರಾದಾಗ ಔಷಧಿ ಸುರಿಯುವುದು. ಫೌಂಟನ್ ನಡೆಯುವುದು ಸಂಜೆ ಆರರಿಂದ ಒಂಬತ್ತರವರೆಗೆ, ವಾಕಿಂಗ್ ಬರುವವರ ಕಣ್ಣಿಗೆ. ನೀರಿಗೆ ಗಾಳಿ ಬೇಕಾದ ಹೊತ್ತೇ ಬೇರೆ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಹಾಗಾಗಿ ಬೆಳಗಿನ ಜಾವಕ್ಕೆ ಅದರ ಮಟ್ಟ ತಳ ಮುಟ್ಟಿರುತ್ತದೆ. ಐದೂವರೆಗೆ ಏರಿ ಮೇಲೆ ನಿಂತು ನೋಡಿ: ಮೀನುಗಳು ದಡದಂಚಿಗೆ ಬಂದು ನೀರಿನ ಮೇಲೆ ಬಾಯಿ ತೆರೆದು ಮುಚ್ಚುತ್ತಿದ್ದರೆ ಲೀಟರಿಗೆ 3 ಮಿಲಿಗ್ರಾಂ ಆಮ್ಲಜನಕವೂ ಉಳಿದಿಲ್ಲ ಎಂದೇ ಎಣಿಸಬೇಕು. ಬಿಸಿಲೇರಿದ ಮೇಲೆ ಹತ್ತು ಗಂಟೆಗೆ ಅಳೆದರೆ ಅದೇ ಕೆರೆ 7–8 ತೋರಿಸಿ ಎಲ್ಲ ಸರಿಯಿದೆ ಎನ್ನಿಸುತ್ತದೆ. ಏಜೆನ್ಸಿಯ ರಿಪೋರ್ಟಿನಲ್ಲಿ ಸ್ಯಾಂಪಲ್ ತೆಗೆದ ವೇಳೆ ನಮೂದಾಗಿಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಎಕರೆಗೆ 1ರಿಂದ 2 ಎಚ್‌ಪಿ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಸಾಕು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಟೈಮರ್ ಹಾಕಿ. 2 ಎಚ್‌ಪಿ ಮೋಟಾರು ಸುಮಾರು ಒಂದೂವರೆ ಕಿಲೋವಾಟ್ ಎಳೆಯುತ್ತದೆ. ತಿಂಗಳಿಗೆ 360 ಯೂನಿಟ್ ಆಸುಪಾಸು. ಈ ಖರ್ಚಿಗೆ ಹಿಂದೆಮುಂದೆ ನೋಡಬಾರದು.

ಔಷಧಿಯ ವಿಷಯ ಇನ್ನೂ ಗಂಭೀರ. ಸುರಿಯುವುದು ಬಹುತೇಕ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಎಷ್ಟು ಎಂದು ಕೇಳಿದರೆ ಎರಡು ಚೀಲ, ಮೂರು ಚೀಲ ಎಂಬ ಉತ್ತರ ಬರುತ್ತದೆ. ಪ್ರಮಾಣ ನಿಲ್ಲುವುದು ನೀರಿನ ಕ್ಷಾರೀಯತೆಯ (ಆಮ್ಲವನ್ನು ತಾಳಿಕೊಳ್ಳುವ ಶಕ್ತಿಯ) ಮೇಲೆ. ಅದನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆದು ನೂರರಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಮೈಲುತುತ್ತ ಎಂಬುದು ಸಿಗುತ್ತದೆ. ಎಕರೆ ಕೆರೆ, ಸರಾಸರಿ ಎರಡು ಮೀಟರ್ ಆಳ ಎಂದರೆ ಸುಮಾರು 80 ಲಕ್ಷ ಲೀಟರ್. ಕ್ಷಾರೀಯತೆ 100 ಇದ್ದರೆ ಇಡೀ ಕೆರೆಗೆ 8 ಕೆ.ಜಿ. ಮಾತ್ರ. 50ಕ್ಕಿಂತ ಕಡಿಮೆ ಇದ್ದರೆ ಮುಟ್ಟಲೇಬೇಡಿ, ಮೀನು ಉಳಿಯುವುದಿಲ್ಲ. ಲೆಕ್ಕ ಸರಿಯಿದ್ದರೂ ಒಂದೇ ದಿನ ಇಡೀ ಕೆರೆಗೆ ಹಾಕಬಾರದು. ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಔಷಧಿ ಹಾಕಿದ ಎರಡು ಮೂರು ದಿನಕ್ಕೆ ಮೀನು ತೇಲುವುದು ಹೆಚ್ಚಾಗಿ ಇದರಿಂದಲೇ. ಮೂರನೇ ಒಂದು ಭಾಗಕ್ಕೆ ಹಾಕಿ, ಹತ್ತು ಹನ್ನೆರಡು ದಿನ ಬಿಟ್ಟು ಮುಂದಿನ ಭಾಗಕ್ಕೆ ಹೋಗಬೇಕು. ಪ್ರತಿ ಸಲ ಹಾಕಿದ ತಾಮ್ರ ಹೂಳಿನಲ್ಲಿ ಕೂರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಮುಂದೆ ಗೋಡುಮಣ್ಣನ್ನು ಗದ್ದೆಗೆ ಕೊಡುವ ದಾರಿಯೂ ಮುಚ್ಚುತ್ತದೆ.

ಅಷ್ಟಕ್ಕೂ ಪಾಚಿ ಬರುವುದು ಎಲ್ಲಿಂದ? ಇದೇ ಪ್ಯಾಕೇಜಿನ ಇನ್ನೆರಡು ಸಾಲುಗಳಿಂದ. ಎಸ್‌ಟಿಪಿ ನೀರು ತಿಳಿಯಾಗಿ ಕಂಡರೂ ಮಾಮೂಲಿ ಘಟಕ ರಂಜಕವನ್ನು (ಫಾಸ್ಫರಸ್) ಅಷ್ಟಾಗಿ ತೆಗೆಯುವುದಿಲ್ಲ. ಬೇಸಿಗೆಯಲ್ಲಿ ಕೆರೆ ತುಂಬಿಸಲು ಅದನ್ನು ಬಿಟ್ಟರೆ ಪಾಚಿಗೆ ಗೊಬ್ಬರ ಹಾಕಿದಂತೆಯೇ. ಆ ನೀರು ಗಾರ್ಡನ್ನಿಗೆ ಹೋಗಲಿ. ಗಾರ್ಡನ್ನಿನವರು ಲಾನ್‌ಗೆ ಎರಚುವ ಡಿಎಪಿ ಗೊಬ್ಬರದಲ್ಲಿ ಶೇ 46 ಫಾಸ್ಫೇಟ್ ಇದೆ, ಮೇ ತಿಂಗಳ ಮೊದಲ ಜೋರು ಮಳೆಗೆ ಅದು ಇಳಿಯುವುದು ಕೆರೆಗೇ. ದಡದಿಂದ ಕನಿಷ್ಠ ಮೂರು ಮೀಟರ್ ಗೊಬ್ಬರವಿಲ್ಲದ ಪಟ್ಟಿ ಬಿಟ್ಟು, ಲಾವಂಚವನ್ನೋ ಗರಿಕೆಯನ್ನೋ ಬೆಳೆಸಿ. ಅಂತರಗಂಗೆ ಎಳೆದು ಏರಿ ಮೇಲೆ ರಾಶಿ ಹಾಕಿ ಹೋಗುವುದೂ ಇದೇ ತಪ್ಪು: ಕೊಳೆತ ರಸ ಮತ್ತೆ ನೀರಿಗೇ ಇಳಿಯುತ್ತದೆ. ಗಾರ್ಡನ್, ಎಸ್‌ಟಿಪಿ, ಕೆರೆ ಮೂರೂ ಒಬ್ಬರ ಕೈಯಲ್ಲೇ ಇದ್ದರೆ ಕಾರಣ ಹುಡುಕುವವರು ಯಾರೂ ಇರುವುದಿಲ್ಲ. ಕರಾರು ಬೇರೆಯಾಗಲಿ ಎನ್ನುವುದು ಮುಖ್ಯವಾಗಿ ಇದಕ್ಕೆ.

ಬೇಸಿಗೆಯಲ್ಲಿ ನೀರು ತಗ್ಗಿದಾಗ ಸೋರಿಕೆ ಎಂದು ಹೇಳಿ ದೊಡ್ಡ ರಿಪೇರಿ ಕೋಟೇಶನ್ ತರುತ್ತಾರೆ. ಸಹಿ ಹಾಕುವ ಮೊದಲು ಬಕೆಟ್ ಪರೀಕ್ಷೆ ಮಾಡಿಸಿ. ಒಂದು ಬಕೆಟ್ಟಿಗೆ ಮುಕ್ಕಾಲು ನೀರು ತುಂಬಿ, ಕಲ್ಲಿಟ್ಟು, ಕೆರೆಯ ಆಳವಿಲ್ಲದ ಕಡೆ ಕಂಠದವರೆಗೆ ಮುಳುಗಿಸಿ ನಿಲ್ಲಿಸಿ. ಒಳಗಿನ ಮಟ್ಟಕ್ಕೊಂದು, ಹೊರಗಿನ ಮಟ್ಟಕ್ಕೊಂದು ಗುರುತು ಹಾಕಿ. ಮಳೆಯಿಲ್ಲದ 24 ಗಂಟೆಯ ನಂತರ ಎರಡೂ ಒಂದೇ ಸಮ ಇಳಿದಿದ್ದರೆ ಅದು ಬಿಸಿಲು ಕುಡಿದ ನೀರು. ಹೊರಗೆ ಹೆಚ್ಚು ಇಳಿದಿದ್ದರೆ ಮಾತ್ರ ಸೋರಿಕೆ. ಏಪ್ರಿಲ್ ಬಿಸಿಲಿಗೆ ದಿನಕ್ಕೆ 6 ಮಿ.ಮೀ. ಆವಿಯಾದರೂ ಎಕರೆಗೆ 24,000 ಲೀಟರ್, ಅಂದರೆ 6,000 ಲೀಟರಿನ ನಾಲ್ಕು ಟ್ಯಾಂಕರ್. ಟ್ಯಾಂಕರ್ ಹೊಡೆಸಿ ಮಟ್ಟ ಕಾಯುವುದು ಬುದ್ಧಿವಂತಿಕೆಯಲ್ಲ; ಬೇಸಿಗೆಯಲ್ಲಿ ಕೆರೆ ತಗ್ಗುತ್ತದೆ ಎಂಬುದನ್ನು ನಿವಾಸಿಗಳಿಗೆ ಮೊದಲೇ ತಿಳಿಸಿ. ಹೂಳೆತ್ತುವುದಿದ್ದರೆ ಅದೇ ಮಾರ್ಚ್, ಏಪ್ರಿಲ್‌ನಲ್ಲಿ. ತಳದ ಜೇಡಿಪದರವನ್ನೋ ನೀರು ಇಂಗದಂತೆ ಹಾಸಿದ ಹಾಳೆಯನ್ನೋ ಜೆಸಿಬಿಯ ಹಲ್ಲು ಸೀಳಿದರೆ ಅಲ್ಲಿಂದಾಚೆಗೆ ನಿಜವಾದ ಸೋರಿಕೆ ಶುರು. ಆಳದ ಗುರುತಿನ ಗೂಟಗಳನ್ನು ನೆಡದೆ ಯಂತ್ರ ಇಳಿಸಲು ಬಿಡಬೇಡಿ.

ಕೋಡಿ, ತೂಬು, ಏರಿಗಳ ತಪಾಸಣೆ ಪ್ಯಾಕೇಜಿನಲ್ಲಿ ಇರುವುದೇ ಅಪರೂಪ. ಮೀನು ಹೋಗದಿರಲಿ ಎಂದು ಕೋಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟುತ್ತಾರೆ, ಅಕ್ಟೋಬರ್ ಮಳೆಗೆ ಎಲೆಕಸ ಸಿಕ್ಕಿ ನೀರು ಏರಿಯನ್ನೇ ಹತ್ತುತ್ತದೆ. ಏಡಿ, ಇಲಿ ಬಿಲಗಳನ್ನು ಮಳೆಗೆ ಮುಂಚೆ ಜೇಡಿ ಹಾಕಿ ದಮ್ಮಸು ಮಾಡಬೇಕು. ಏರಿ ಮೇಲೆ ನೆರಳಿಗೆಂದು ದೊಡ್ಡ ಮರ ನೆಡಬಾರದು, ಬೇರು ಹೋದ ದಾರಿಯಲ್ಲೇ ನೀರೂ ಹೋಗುತ್ತದೆ.

ಯಾವ ಏಜೆನ್ಸಿಯೂ ಕೇಳದ ಪ್ರಶ್ನೆ ಇನ್ನೊಂದಿದೆ: ಕೆರೆ ಯಾರದು? ಗ್ರಾಮನಕ್ಷೆ, ಪಹಣಿಯಲ್ಲಿ ಆ ಸರ್ವೆ ನಂಬರ್ ಸರ್ಕಾರಿ ಕೆರೆ ಎಂದಿದ್ದರೆ ಬೇಲಿ ಹಾಕಿ ನಮ್ಮದು ಎನ್ನುವಂತಿಲ್ಲ. ಮಂಜೂರಾದ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿ ಅಭಿವೃದ್ಧಿ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿದ್ದರೆ ಹೂಳೆತ್ತುವ ಮೊದಲು ಅಲ್ಲಿಂದ ಲಿಖಿತ ಒಪ್ಪಿಗೆ ಬೇಕು. ಅಸೋಸಿಯೇಷನ್ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ ಕೆರೆಯ ನಿಧಿಯನ್ನು ಆಡಿಟ್‌ನಲ್ಲಿ ಪ್ರತ್ಯೇಕ ಶೀರ್ಷಿಕೆಯಡಿ ತೋರಿಸಿ. ಗೇಟಿನ ಖರ್ಚಿಗೆ ಅದು ಕರಗಬಾರದು.

ಬೇರೆ ಕರಾರಿನಲ್ಲಿ ಹಣವನ್ನು ಆಳಿನ ಲೆಕ್ಕಕ್ಕಲ್ಲ, ಅಳತೆಗೆ ಕಟ್ಟಿ. ವಾರಕ್ಕೊಮ್ಮೆ ಬೆಳಗ್ಗೆ ಆರರೊಳಗೆ ಅಳೆದಾಗ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಮೇಲಿರಬೇಕು. 20 ಸೆಂ.ಮೀ. ಅಗಲದ ಕಪ್ಪು-ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರೆ ಕನಿಷ್ಠ 40 ಸೆಂ.ಮೀ.ವರೆಗೆ ಕಾಣಬೇಕು. ಮೂರು ತಿಂಗಳಿಗೊಮ್ಮೆ ಫಾಸ್ಫೇಟ್, ಬಿಒಡಿ (ನೀರಿನ ಕೊಳೆ ಎಷ್ಟು ಆಮ್ಲಜನಕ ತಿನ್ನುತ್ತದೆ ಎಂಬ ಅಳತೆ) ಪರೀಕ್ಷೆ ಏಜೆನ್ಸಿ ಆರಿಸಿದ ಲ್ಯಾಬಿನಲ್ಲಲ್ಲ, ಅಸೋಸಿಯೇಷನ್ ಆರಿಸಿದ ಲ್ಯಾಬಿನಲ್ಲಿ ಆಗಲಿ. ಯಾವುದೇ ರಾಸಾಯನಿಕ ಹಾಕುವ ಮೊದಲು ಲೆಕ್ಕದ ಹಾಳೆಗೆ ಕಾರ್ಯದರ್ಶಿಯ ಸಹಿ ಇರಲಿ. ಗಣೇಶ ವಿಸರ್ಜನೆಗೆ ಬೇರೆ ತೊಟ್ಟಿ ಇಡುವ ಹೊಣೆಯನ್ನೂ ಇದರಲ್ಲೇ ಬರೆಸಿ. ಈ ಷರತ್ತುಗಳಿಗೆ ಒಪ್ಪುವ ಏಜೆನ್ಸಿ ಸಿಗದಿದ್ದರೆ ಒಳನಾಡು ಮೀನುಗಾರಿಕೆ ಬಲ್ಲ ಒಬ್ಬರನ್ನು ತಿಂಗಳಿಗೆರಡು ಭೇಟಿಗೆ ಗೊತ್ತುಮಾಡಿ, ಕಳೆ ಎಳೆಯಲು ದಿನಗೂಲಿ ಆಳು ಇಟ್ಟುಕೊಂಡರೂ ನಡೆಯುತ್ತದೆ.

ಅಂಕ: ಗೇಟು, ಕಸ, ಲೆಕ್ಕಕ್ಕೆ ಐದಕ್ಕೆ ನಾಲ್ಕು. ಕೆರೆಗೆ ಐದಕ್ಕೆ ಒಂದು.