ಎಂಜಲು ಕೊಟ್ಟು ಮಾಡಿಸುವ ಜೀನ್ ಪರೀಕ್ಷೆ: ಲಿವರ್ ಪುಟಕ್ಕೆ ಐದರಲ್ಲಿ ಎರಡೂವರೆ ಅಂಕ

ಮನೆಗೆ ತರಿಸಿಕೊಳ್ಳುವ ಜೀನ್ ಕಿಟ್‌ಗಳ ವರದಿಯಲ್ಲಿ ಲಿವರ್ ಪುಟ ತೆರೆದರೆ ಮೊದಲು ಹುಡುಕಬೇಕಾದ ಜೀನ್ ಹೆಸರು ಪಿಎನ್‌ಪಿಎಲ್‌ಎ3. ಇದರ ಐ148ಎಂ ರೂಪಾಂತರಕ್ಕೂ ಫ್ಯಾಟಿ ಲಿವರ್‌ಗೂ ಇರುವ ನಂಟು 2008ರಲ್ಲಿ ಗೊತ್ತಾಯಿತು. ಬದಲಾದ ಪ್ರೋಟೀನ್ ಕೊಬ್ಬಿನ ಹನಿಗಳ ಮೇಲೆ ಜಮೆಯಾಗಿ ಕೊಬ್ಬು ಕರಗದಂತೆ ತಡೆಯುತ್ತದೆ. ಜೊತೆಗೆ ಕುಡಿತವೂ ಇದ್ದರೆ ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವುದು), ಅದರಿಂದ ಲಿವರ್ ಕ್ಯಾನ್ಸರ್ ಬರುವ ಸಾಧ್ಯತೆ ಏರುತ್ತದೆ. ತಂದೆತಾಯಿ ಇಬ್ಬರಿಂದಲೂ ಈ ರೂಪ ಬಂದವರಿಗೆ ಇನ್ನೂ ಹೆಚ್ಚು.

ಎಂಜಲಿನ ಮಾದರಿ ಕೊಡುವ ಮುನ್ನ ಅರ್ಧ ಗಂಟೆ ತಿನ್ನಬಾರದು, ಕುಡಿಯಬಾರದು, ಸೇದಬಾರದು. ನೊರೆ ಬಿಟ್ಟು ದ್ರವವೇ ಕೊಳವೆಯ ಗೆರೆ ಮುಟ್ಟಬೇಕು. ನೊರೆಯನ್ನೂ ಲೆಕ್ಕಕ್ಕೆ ಹಿಡಿದರೆ ಡಿಎನ್‌ಎ ಸಾಲದೆ ಮಾದರಿ ತಿರಸ್ಕೃತವಾಗುತ್ತದೆ.

ಓದುವಾಗ ಒಂದು ದೊಡ್ಡ ತೊಡಕಿದೆ. ಐ148ಎಂ ರೂಪಾಂತರದ ಜಾಗದಲ್ಲಿರುವ ಡಿಎನ್‌ಎ ಅಕ್ಷರ ಸಿ ಇಲ್ಲವೇ ಜಿ. ಡಿಎನ್‌ಎಯ ಎದುರು ಎಳೆಯಲ್ಲಿ ಸಿಗೆ ಜಿ, ಜಿಗೆ ಸಿ. ಯಾವ ಎಳೆ ಓದಿದ್ದಾರೆಂದು ಹೇಳದಿದ್ದರೆ ಅಪಾಯದ 'ಜಿಜಿ'ಯೇ ನಿರಪಾಯದ 'ಸಿಸಿ'ಯಂತೆ ಕಾಣಬಹುದು. ಪ್ರೋಟೀನಿನ 148ನೇ ಸ್ಥಾನದಲ್ಲಿ ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲ (ನಿರಪಾಯ) ಇದೆಯೋ ಮೆಥಿಯೊನಿನ್ (ಅಪಾಯ) ಇದೆಯೋ ಎಂದು ಬಿಡಿಸಿ ಬರೆದ ವರದಿಯನ್ನೇ ಕೇಳಿ.

ಅಂಕ ಕಳೆದದ್ದು ಕಿಟ್‌ನವರು ಕೇಳುವ ಕುಡಿತದ ಪ್ರಶ್ನೆಗೆ. 'ವಾರಕ್ಕೆ ಎಷ್ಟು ಪೆಗ್' ಎಂದಷ್ಟೇ ಕೇಳಿದರೆ ಏನೂ ತಿಳಿಯದು. ಮಿಲಿಲೀಟರನ್ನು ಆಲ್ಕೋಹಾಲ್ ಶೇಕಡಾದಿಂದ ಗುಣಿಸಿ, 100ರಿಂದ ಭಾಗಿಸಿ, 0.789ರಿಂದ ಗುಣಿಸಿದರೆ ಆಲ್ಕೋಹಾಲ್ ಎಷ್ಟು ಗ್ರಾಂ ಎಂದು ಸಿಗುತ್ತದೆ. ಶೇ 42.8ರ 180 ಮಿಲಿ ಕ್ವಾರ್ಟರ್‌ನಲ್ಲಿ ಸುಮಾರು 61 ಗ್ರಾಂ. ಶೇ 8ರ 650 ಮಿಲಿ ಸ್ಟ್ರಾಂಗ್ ಬಿಯರ್‌ನಲ್ಲಿ 41 ಗ್ರಾಂ. 'ಬಿಯರ್ ತಾನೇ' ಎನ್ನುವವರು ಈ ಲೆಕ್ಕ ನೋಡಲೇಬೇಕು.

ಎಚ್‌ಎಸ್‌ಡಿ17ಬಿ13 ಎಂಬ ಇನ್ನೊಂದು ಜೀನ್ ಎದುರು ಹಸಿರು ಗುರುತು ಕಂಡು ನಿರಾಳರಾಗಬೇಡಿ. ಆ ರೂಪಾಂತರ ಲಿವರ್ ಅಪಾಯವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಕುಡಿದಾಗ ಮುಖ ಕೆಂಪೇರಿಸುವ ಎಎಲ್‌ಡಿಎಚ್2 ರೂಪಾಂತರ ಪೂರ್ವ ಏಷ್ಯಾದವರಲ್ಲಿ ಸಾಮಾನ್ಯ, ನಮ್ಮಲ್ಲಿ ಅಪರೂಪ. ಆ ಪುಟದಿಂದ ನಮ್ಮವರಿಗೆ ಲಾಭ ಕಡಿಮೆ.

ಕುಡಿಯುವವರು ಮೊದಲು ದುಡ್ಡು ಹಾಕಬೇಕಾದ್ದು ಲಿವರ್ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳಿಗೆ. ಮೊದಲ ಮೂರಕ್ಕೆ ವಯಸ್ಸು ಸೇರಿಸಿದರೆ ಫಿಬ್-4 ಅಂಕ ಸಿಗುತ್ತದೆ: 1.3ಕ್ಕಿಂತ ಕೆಳಗಿದ್ದರೆ ಲಿವರ್ ಗಟ್ಟಿಯಾಗಿರುವ ಸಂಭವ ಕಡಿಮೆ, 2.67 ದಾಟಿದರೆ ತಜ್ಞರನ್ನು ಕಾಣಬೇಕು. ಲಿವರ್ ಎಷ್ಟು ಗಟ್ಟಿಯೆಂದು ಅಳೆಯುವ ಫೈಬ್ರೋಸ್ಕ್ಯಾನ್‌ಗೆ ಮೂರು ಗಂಟೆ ಖಾಲಿ ಹೊಟ್ಟೆ ಬೇಕು. ಊಟ ಮಾಡಿ ಹೋದರೆ ಅಳತೆ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಸಿರೋಸಿಸ್ ಇರುವವರು ಜೀನ್ ವರದಿ ಏನೇ ಹೇಳಲಿ, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸುವಂತಿಲ್ಲ.