ಬಳಸಿದ ಎಂ1 ಗರಾಂಡ್: ಬೋಲ್ಟ್ ತೆರೆದು ನಿಲ್ಲದಿದ್ದರೆ ಎಲ್ಲಿ ನೋಡಬೇಕು

ಎಂ1 ಗರಾಂಡ್ ರೈಫಲ್ ಅಮೆರಿಕದ ಸೇನೆಗಾಗಿ ತಯಾರಾಗುತ್ತಿದ್ದುದು 1950ರ ದಶಕದಲ್ಲೇ ನಿಂತುಹೋದುದರಿಂದ, ಸೇನೆಯಿಂದ ಬಂದ ಅಸಲಿ ಗರಾಂಡ್ ಬೇಕೆನ್ನುವವರು ಹಲವು ಕೈ ದಾಟಿ ಬಂದದ್ದನ್ನೇ ಕೊಳ್ಳಬೇಕು. ಓಹಾಯೋದ ಒಂದು ಸ್ಥಳೀಯ ಅಂಗಡಿಯಲ್ಲಿ ನಾನು ಕೊಂಡ ರೈಫಲ್ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ಯುದ್ಧದ ಕಾಲದಲ್ಲಿ ತಯಾರಾದದ್ದು. ನಳಿಗೆಯ ಒಳಗಿನ ಸುರುಳಿಗೆರೆಗಳು ಸ್ಪಷ್ಟವಾಗಿದ್ದವು, ವಾಲ್‌ನಟ್ ಮರದ ಹಿಡಿ ಎಲ್ಲಿಯೂ ಸೀಳಿರಲಿಲ್ಲ, ಟ್ರಿಗರ್ ಹದವಾಗಿತ್ತು. ಕಣ್ಣಿಗೆ ಬಿದ್ದ ದೋಷ ಒಂದೇ: ಖಾಲಿ ರೈಫಲ್‌ನ ಬಲಬದಿಯ ಹಿಡಿಕೆಯನ್ನು ಕೊನೆಯವರೆಗೆ ಹಿಂದಕ್ಕೆಳೆದು ಬಿಟ್ಟಾಗ ಬೋಲ್ಟ್, ಅಂದರೆ ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಉಕ್ಕಿನ ತುಂಡು, ತೆರೆದು ನಿಲ್ಲಬೇಕಾದದ್ದು, ಹಾಗೆಯೇ ಮುಂದಕ್ಕೆ ಜಾರಿ ಮುಚ್ಚಿಕೊಳ್ಳುತ್ತಿತ್ತು. ಹಳೆಯ ಕೋವಿ, ಸ್ಪ್ರಿಂಗ್ ಸೋತಿರಬೇಕು ಎಂದ ಅಂಗಡಿಯವರು ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟರು. ಆ ದೋಷವನ್ನು ತಿಳಿದೇ ಕೊಂಡೆ. ಇದೇ ಲಕ್ಷಣವಿರುವ ಗರಾಂಡ್ ಎದುರಿಗೆ ಬಂದರೆ ಅದನ್ನು ಕೊಳ್ಳಬೇಕೋ ಬಿಡಬೇಕೋ ಎಂದು ಯೋಚಿಸುವವರಿಗೆ ನೆರವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮಲೆನಾಡಿನಲ್ಲೋ ಕೊಡಗಿನಲ್ಲೋ ಕೇಪಿನ ಕೋವಿ, ತೋಟಾ ಕೋವಿಗಳನ್ನು ಕಂಡು ಬೆಳೆದವರಿಗೆ ಈ ತೊಂದರೆಯೇ ಹೊಸದಾಗಿ ತೋರಬಹುದು. ಜೋಡಿನಳಿಗೆಯ ತೋಟಾ ಕೋವಿಯನ್ನು ನಡುವೆ ಮಡಿಸಿ ತೆರೆಯುತ್ತೇವೆ, ಅದು ತೆರೆದೇ ಇರುತ್ತದೆ. ಗರಾಂಡ್ ಸ್ವಯಂ ತುಂಬಿಕೊಳ್ಳುವ ರೈಫಲ್. ಎಂಟು ತೋಟೆಗಳನ್ನು ಹಿಡಿದ ಉಕ್ಕಿನ ತಗಡಿನ ಕ್ಲಿಪ್ ಒಂದನ್ನು ಮೇಲಿನಿಂದ ಒಳಕ್ಕೆ ಒತ್ತಿದರೆ ಸಾಕು. ಪ್ರತಿ ಗುಂಡಿನ ನಂತರ ನಳಿಗೆಯ ತುದಿಯ ಬಳಿಯ ಸಣ್ಣ ರಂಧ್ರದಿಂದ ಬರುವ ಅನಿಲವು ಆಪರೇಟಿಂಗ್ ರಾಡ್ ಎಂಬ ಉದ್ದನೆಯ ಸರಳನ್ನು ಹಿಂದಕ್ಕೆ ತಳ್ಳುತ್ತದೆ, ಆ ಸರಳು ಬೋಲ್ಟನ್ನು ತಿರುಗಿಸಿ ತೆರೆಯುತ್ತದೆ. ಎಂಟನೆಯ ತೋಟೆ ಮುಗಿದಾಗ ಖಾಲಿ ಕ್ಲಿಪ್ ಝಣ್ ಎಂದು ಮೇಲಕ್ಕೆ ಚಿಮ್ಮುತ್ತದೆ ಮತ್ತು ಬೋಲ್ಟ್ ತೆರೆದು ನಿಲ್ಲುತ್ತದೆ. ಹಾಗೆ ನಿಲ್ಲದ ಹೊರತು ಮುಂದಿನ ಕ್ಲಿಪ್ಪನ್ನು ತುಂಬಲು ಬರುವುದಿಲ್ಲ, ಗುರಿಮೈದಾನದಲ್ಲಿ ರೈಫಲ್ ಖಾಲಿಯಾಗಿದೆ ಎಂದು ಪಕ್ಕದವರಿಗೆ ತೋರಿಸಲೂ ಆಗುವುದಿಲ್ಲ. ಆದ್ದರಿಂದ ಇದನ್ನು ಸಣ್ಣ ಕುಂದೆಂದು ಬದಿಗಿಡುವಂತಿಲ್ಲ.

ಕ್ವಿಬೆಕ್‌ನಲ್ಲಿ ಹುಟ್ಟಿ ಸ್ಪ್ರಿಂಗ್‌ಫೀಲ್ಡ್‌ನ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದ ಜಾನ್ ಗರಾಂಡ್ ರೂಪಿಸಿದ ಈ ರೈಫಲ್ಲನ್ನು ಅಮೆರಿಕದ ಸೇನೆ 1936ರಲ್ಲಿ ಅಂಗೀಕರಿಸಿತು. ಐವತ್ತು ಲಕ್ಷಕ್ಕೂ ಹೆಚ್ಚು ರೈಫಲ್‌ಗಳು ತಯಾರಾದವು. ಇದರ ವಿನ್ಯಾಸದ ಜಾಣ್ಮೆ ಇರುವುದು ಒಂದೇ ಸ್ಪ್ರಿಂಗ್‌ನಿಂದ ಹಲವು ಕೆಲಸ ತೆಗೆಯುವುದರಲ್ಲಿ. ಆಪರೇಟಿಂಗ್ ರಾಡನ್ನು ಮುಂದಕ್ಕೆ ತಳ್ಳುವ ಉದ್ದನೆಯ ಸ್ಪ್ರಿಂಗೇ ತೋಟೆಗಳನ್ನು ಮೇಲಕ್ಕೆತ್ತುವ ಫಾಲೋಅರ್‌ಗೂ ಬಲ ಕೊಡುತ್ತದೆ. ಬೋಲ್ಟ್ ನಿಲ್ಲದಿದ್ದೊಡನೆ ಎಲ್ಲರೂ ಆ ಸ್ಪ್ರಿಂಗನ್ನು ದೂರುವುದು ಬಹುಶಃ ಇದೇ ಕಾರಣಕ್ಕೆ. ಅದನ್ನು ಬದಲಿಸಿದರೆ ತಪ್ಪೇನಿಲ್ಲ, ದುಬಾರಿಯೂ ಅಲ್ಲ. ಆದರೆ ರೋಗವನ್ನು ಗುರುತಿಸದೆ ಮದ್ದು ಕೊಟ್ಟಂತಾಗುತ್ತದೆ.

ಮೊದಲು ಬೇರ್ಪಡಿಸಬೇಕಾದದ್ದು ಎರಡು ಬೇರೆ ಬೇರೆ ತೊಂದರೆಗಳನ್ನು. ಕೈಯಿಂದ ಎಳೆದಾಗಲೂ ಬೋಲ್ಟ್ ನಿಲ್ಲದಿದ್ದರೆ ದೋಷವಿರುವುದು ಹಿಡಿದು ನಿಲ್ಲಿಸುವ ಕೊಕ್ಕೆಯಲ್ಲಿ ಅಥವಾ ಅದಕ್ಕೆ ಬಲ ಕೊಡುವ ಭಾಗಗಳಲ್ಲಿ. ಕೈಯಿಂದ ಎಳೆದಾಗ ನಿಂತು, ಗುಂಡು ಹಾರಿಸಿದಾಗ ಮಾತ್ರ ಕೊನೆಯ ತೋಟೆಯ ನಂತರ ನಿಲ್ಲದಿದ್ದರೆ, ಕೊಕ್ಕೆ ಸರಿಯಾಗಿದ್ದು, ಆಪರೇಟಿಂಗ್ ರಾಡ್ ಅದರವರೆಗೆ ಹಿಂದೆ ಬರುತ್ತಿಲ್ಲ ಎಂದು ಮೊದಲು ಸಂಶಯಪಡಬೇಕು. ಅಂದರೆ ಅನಿಲದ ಬಲ ಸಾಲದು ಅಥವಾ ರಾಡ್ ಎಲ್ಲೋ ಉಜ್ಜುತ್ತಿದೆ. ಈ ಭೇದವನ್ನು ಗಮನಿಸದೆ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ರೈಫಲ್ ಕೊಂಡಷ್ಟೇ ಹಣ ಮತ್ತೆ ಖರ್ಚಾದೀತು.

ಪರೀಕ್ಷೆಗೆ ಮುನ್ನ ತೋಟೆಗಳನ್ನು ಆ ಕೋಣೆಯಿಂದಲೇ ಹೊರಗಿಡಬೇಕು, ನಳಿಗೆಯ ಗೂಡನ್ನು ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಿ ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು. ತೆರೆದು ನಿಲ್ಲದ ಗರಾಂಡ್‌ನೊಳಗೆ ಬೆರಳಿಡುವಾಗ ಬಲ ಅಂಗೈಯ ಅಂಚಿನಿಂದ ಹಿಡಿಕೆಯನ್ನು ಹಿಂದಕ್ಕೆ ತಡೆದು ಹಿಡಿದಿರಲೇಬೇಕು. ಬೋಲ್ಟ್ ಹೆಬ್ಬೆರಳಿನ ಮೇಲೆ ಮುಚ್ಚಿಕೊಂಡರೆ ಉಗುರು ಉಳಿಯುವುದು ಕಷ್ಟ, ಮತ್ತು ಆ ಪೆಟ್ಟಿಗೆ ಗರಾಂಡ್ ಹೆಬ್ಬೆರಳು ಎಂಬ ಹೆಸರೇ ಇದೆ.

ನನ್ನ ರೈಫಲ್‌ನದು ಮೊದಲನೆಯ ಬಗೆಯ ತೊಂದರೆ. ಟ್ರಿಗರ್ ಜೋಡಣೆಯನ್ನು ಕಳಚಿ, ಮರದಿಂದ ಉಕ್ಕಿನ ಭಾಗವನ್ನು ಬೇರ್ಪಡಿಸಿ, ಮಗುಚಿ ಇಟ್ಟು ನೋಡಿದಾಗ ಕಾರಣ ಎದುರಿಗೇ ಇತ್ತು. ಆಪರೇಟಿಂಗ್ ರಾಡ್ ಕ್ಯಾಚ್ ಎಂಬ, ಬೆರಳುದ್ದದ ಕೊಕ್ಕೆಯೊಂದು ಫಾಲೋಅರ್ ತೋಳಿನ ಪಿನ್ನಿನ ಮೇಲೆ ತಕ್ಕಡಿಯ ದಂಡದಂತೆ ತೂಗುತ್ತದೆ. ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟಾದ ರಿಸೀವರ್‌ನ ಎಡಬದಿಯಲ್ಲಿ, ಕ್ಲಿಪ್ಪನ್ನು ಒಳಗೆ ಹಿಡಿದಿಡುವ ಕ್ಲಿಪ್ ಲ್ಯಾಚ್ ಎಂಬ ಚಿಲಕವಿದೆ. ಕೊಕ್ಕೆಯ ಹಿಂಬದಿಯ ತೋಳು, ಎಡಗೋಡೆಯಿಂದ ಒಳಗೆ ಚಾಚಿರುವ ಆ ಲ್ಯಾಚ್‌ನ ಮುಂಭಾಗದ ಮೊಳೆಯ ಕೆಳಗೆ ಸೇರಿರಬೇಕು. ಕೊಕ್ಕೆಗೆ ಬೇಕಾದ ಬಿಗಿ ಬರುವುದು ದೊಡ್ಡ ಸ್ಪ್ರಿಂಗ್‌ನಿಂದಲ್ಲ, ಕ್ಲಿಪ್ ಲ್ಯಾಚ್‌ನ ಆ ಪುಟ್ಟ ಸುರುಳಿ ಸ್ಪ್ರಿಂಗ್‌ನಿಂದ, ಅದೂ ಈ ಮೊಳೆಯ ಮೂಲಕ. ಹಿಂದಿನ ಯಾರೋ ರೈಫಲ್ಲನ್ನು ಬಿಚ್ಚಿ ಜೋಡಿಸುವಾಗ ತೋಳನ್ನು ಮೊಳೆಯ ತಪ್ಪು ಬದಿಗೆ ಕೂರಿಸಿದ್ದರು. ಕೊಕ್ಕೆಯ ಮುಂತುದಿಯನ್ನು ಬೆರಳಿನಿಂದ ಒತ್ತಿದರೆ ಅದು ಯಾವ ಪ್ರತಿರೋಧವೂ ಇಲ್ಲದೆ ಸಡಿಲವಾಗಿ ಅಲ್ಲಾಡುತ್ತಿತ್ತು. ಪಿನ್ನನ್ನು ಹೊರತೆಗೆದು, ಕೊಕ್ಕೆಯನ್ನು, ತೋಟೆಗಳನ್ನು ನಳಿಗೆಯತ್ತ ನಡೆಸುವ ಬುಲೆಟ್ ಗೈಡ್ ಎಂಬ ಭಾಗದ ಬದಿಯ ಕಿಂಡಿಯ ಮೂಲಕ ಮತ್ತೆ ತೂರಿಸಿ, ಹಿಂದಿನ ತೋಳನ್ನು ಮೊಳೆಯ ಕೆಳಗೆ ಸೇರಿಸಿದ ಮೇಲೆ ಅದೇ ಬೆರಳಿಗೆ ಸ್ಪ್ರಿಂಗ್‌ನ ಎದುರೊತ್ತು ಸ್ಪಷ್ಟವಾಗಿ ತಿಳಿಯಿತು. ಮತ್ತೆ ಜೋಡಿಸಿ ಹಿಡಿಕೆಯನ್ನು ಎಳೆದಾಗ ಬೋಲ್ಟ್ ಖಟ್ ಎಂದು ನಿಂತಿತು. ಯಾವ ಬಿಡಿಭಾಗವೂ ಬೇಕಾಗಲಿಲ್ಲ. ಜೋಡಿಸುವ ಹಂತದಲ್ಲಿ ಬೆರಳಿನಿಂದ ಒತ್ತಿ ನೋಡುವ ಈ ಪರೀಕ್ಷೆಯನ್ನು ಸೇನೆಯ ಹಳೆಯ ಕೈಪಿಡಿಗಳೇ ಹೇಳಿಕೊಡುತ್ತವೆ, ಮತ್ತು ಬಳಸಿದ ಗರಾಂಡ್ ಕೊಂಡ ಪ್ರತಿಯೊಬ್ಬರೂ ಎಲ್ಲಕ್ಕಿಂತ ಮೊದಲು ಇದನ್ನು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟಾದರೂ ಬಿಗಿ ಬರದಿದ್ದರೆ ಲ್ಯಾಚ್‌ನ ಸ್ಪ್ರಿಂಗ್ ಮುರಿದಿದೆಯೇ, ಗಟ್ಟಿಯಾದ ಹಳೆಯ ಗ್ರೀಸ್ ಲ್ಯಾಚನ್ನು ಹಿಡಿದಿದೆಯೇ, ಕೊಕ್ಕೆಯ ಅಂಚು ಸವೆದು ದುಂಡಗಾಗಿದೆಯೇ ಎಂದು ನೋಡಬೇಕು. ದುಂಡಗಾದ ಅಂಚನ್ನು ಅರದಿಂದ ಉಜ್ಜಿ ಚೂಪು ಮಾಡಲು ಹೋಗಬಾರದು. ಕ್ಲಿಪ್ ಯಾವ ಕ್ಷಣದಲ್ಲಿ ಹೊರಚಿಮ್ಮಬೇಕು ಎಂಬ ಸೂಕ್ಷ್ಮ ಹೊಂದಾಣಿಕೆಯಲ್ಲಿ ಈ ಕೊಕ್ಕೆಗೂ ಪಾಲಿದೆ, ಆಕಾರ ಕೆಟ್ಟರೆ ಇರುವ ತೊಂದರೆಯ ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ.

ಗುರಿಮೈದಾನದಲ್ಲಿ ಎರಡನೆಯ ಬಗೆಯ ತೊಂದರೆ ಕಾಣಿಸಿಕೊಂಡಿತು. ಕ್ಲಿಪ್ ಸರಿಯಾಗಿಯೇ ಚಿಮ್ಮುತ್ತಿದ್ದರೂ ಬೋಲ್ಟ್ ಕೆಲವೊಮ್ಮೆ ನಿಂತು ಕೆಲವೊಮ್ಮೆ ಮುಚ್ಚಿಕೊಳ್ಳುತ್ತಿತ್ತು, ಖಾಲಿ ತೋಟೆಗಳೂ ಬಹಳ ಹತ್ತಿರದಲ್ಲೇ ಬೀಳುತ್ತಿದ್ದವು. ಇದಕ್ಕೆ ಊರಿನ ಒಬ್ಬ ಹಿರಿಯ ಕೋವಿ ಕಸುಬುದಾರರ ನೆರವು ಪಡೆದೆ, ಮತ್ತು ಅವರ ಸೇವೆಯನ್ನು ಮನಸಾರೆ ಮೆಚ್ಚಿದ್ದೇನೆ. ಅವರು ಮೊದಲು ದೊಡ್ಡ ಸ್ಪ್ರಿಂಗನ್ನು ತೆಗೆದಿಟ್ಟು, ರಾಡ್ ಮತ್ತು ಬೋಲ್ಟ್ ಮಾತ್ರ ಇರುವಾಗ ರೈಫಲ್‌ನ ಮೂತಿಯನ್ನು ಮೇಲಕ್ಕೆ ವಾಲಿಸಿದರು; ಆಗ ರಾಡ್ ತನ್ನ ತೂಕದಿಂದಲೇ ಎಲ್ಲೂ ತಡೆಯದೆ ಹಿಂದಕ್ಕೆ ಜಾರಬೇಕು, ಜಾರಿತು. ಗರಾಂಡ್‌ನ ರಾಡ್ ನೋಡಲು ಬಾಗಿದಂತಿರುತ್ತದೆ, ಆ ಬಾಗು ವಿನ್ಯಾಸದ್ದೇ. ಅದನ್ನು ನೆಟ್ಟಗೆ ಮಾಡಲು ಹೋಗಿ ಹಾಳುಮಾಡಿದವರೂ ಇದ್ದಾರೆಂದು ಅವರು ಎಚ್ಚರಿಸಿದರು. ಬಳಿಕ ಮೈಕ್ರೋಮೀಟರ್ ಹಿಡಿದು ರಾಡಿನ ತುದಿಯ ಪಿಸ್ಟನ್ ಅಳೆದರು. ಅದು 0.525 ಇಂಚಿಗಿಂತ ಕಡಿಮೆಯಿರಬಾರದು, ಅದು ಓಡಾಡುವ ಅನಿಲದ ಕೊಳವೆಯ ಒಳವ್ಯಾಸ 0.532 ಇಂಚನ್ನು ಮೀರಬಾರದು. ಮೀರಿದರೆ ಅನಿಲ ಪಕ್ಕದಿಂದ ಸೋರಿ ಬಲ ಕುಂದುತ್ತದೆ. ಎರಡೂ ಮಿತಿಯೊಳಗಿದ್ದವು.

ದೋಷವಿದ್ದುದು ಆ ಕೊಳವೆಯ ಮುಂಬಾಯಿಯನ್ನು ಮುಚ್ಚುವ ತಿರುಪಿನಲ್ಲಿ. ಹಳೆಯ ತಿರುಪುಗಳು ಗಟ್ಟಿ ಉಕ್ಕಿನವು. ರೈಫಲ್‌ನ ತುದಿಯಿಂದ ಗ್ರೆನೇಡ್ ಹಾರಿಸುವ ಸಾಧನಕ್ಕಾಗಿ ಬಂದ ನಂತರದ ತಿರುಪಿನೊಳಗೆ ಸ್ಪ್ರಿಂಗ್‌ನ ಮೇಲೆ ಕೂತ ಒಂದು ಕವಾಟವಿದೆ. ಸಾಧನವನ್ನು ಸಿಕ್ಕಿಸಿದಾಗ ಅದು ತೆರೆದು ಅನಿಲವನ್ನು ಹೊರಬಿಡುತ್ತದೆ, ರೈಫಲ್ ತಾನಾಗಿ ತುಂಬಿಕೊಳ್ಳುವುದು ನಿಲ್ಲುತ್ತದೆ. ನನ್ನದರಲ್ಲಿ ಇದ್ದದ್ದು ಈ ಬಗೆಯದು. ಕವಾಟದ ಅಂಚಿನಲ್ಲಿ ಮಸಿ ಹೆಪ್ಪುಗಟ್ಟಿ ಅದು ಪೂರ್ತಿ ಮುಚ್ಚುತ್ತಿರಲಿಲ್ಲ, ಪ್ರತಿ ಗುಂಡಿಗೂ ಒಂದಿಷ್ಟು ಅನಿಲ ಮುಂದಿನಿಂದ ಸೋರುತ್ತಿತ್ತು. ಕಸುಬುದಾರರು ಅದನ್ನು ಶುಚಿಮಾಡಿ ನನ್ನ ಕೈಗೆ ಕೊಟ್ಟು, ಅದರ ಜಾಗದಲ್ಲಿ ಗಟ್ಟಿ ತಿರುಪನ್ನು ಬಿಗಿಮಾಡಿ ಕೂರಿಸಿದರು. ಬೋಲ್ಟ್ ಮತ್ತು ರಾಡ್ ಉಜ್ಜುವ ಕಡೆಗಳಲ್ಲಿ ಎಣ್ಣೆಯ ಬದಲು ತೆಳುವಾಗಿ ಗ್ರೀಸ್ ಹಚ್ಚಿದರು. ಗರಾಂಡ್‌ಗೆ ಒಗ್ಗುವುದು ಗ್ರೀಸೇ. ಆಮೇಲೆ ಪ್ರತಿ ಕ್ಲಿಪ್ಪಿನ ಕೊನೆಗೂ ಬೋಲ್ಟ್ ತಪ್ಪದೆ ನಿಲ್ಲುತ್ತಿದೆ. ಬೇಡದ ಭಾಗವೊಂದನ್ನೂ ಮಾರದೆ, ಅಳೆದು ತೋರಿಸಿ, ಯಾಕೆಂದು ಬಿಡಿಸಿ ಹೇಳಿ ಕೆಲಸ ಮಾಡುವ ಇಂಥವರು ಎಲ್ಲಿದ್ದರೂ ಅವರು ಕೇಳಿದ ಕೂಲಿ ಕೊಡಲು ಹಿಂಜರಿಯಬಾರದು.

ಅಂಗಡಿಯ ಬಗ್ಗೆ ಅದೇ ಮಾತು ಹೇಳಲಾರೆ. ಅವರು ದೋಷವನ್ನು ಮುಚ್ಚಿಡಲಿಲ್ಲ, ಅದು ಸರಿ. ಆದರೆ ಆಯುಧ ಮಾರುವವರು ಬಿಚ್ಚಿ ನೋಡದೆ ಸ್ಪ್ರಿಂಗ್ ಸೋತಿದೆ ಎಂದು ತೀರ್ಪು ಕೊಡುವುದು ಸಲ್ಲದು. ಕೊಳ್ಳುವವರು ಅದನ್ನು ನಂಬಿ ಅದೇ ಸ್ಥಿತಿಯಲ್ಲಿ ಬಳಸಿದರೆ ಅಪಾಯವಿದೆ.

ಅಂಗಡಿಗಿಂತ ಭರವಸೆಯ ದಾರಿ ಬೇಕೆನ್ನುವವರಿಗೆ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಇದೆ. ಸೇನೆಯ ಹಳೆಯ ಗರಾಂಡ್‌ಗಳನ್ನು ತಪಾಸಣೆ ಮಾಡಿ, ಸವೆತಕ್ಕನುಗುಣವಾಗಿ ದರ್ಜೆ ಕೊಟ್ಟು ಮಾರುವ ಈ ಸಂಸ್ಥೆಯ ಮಳಿಗೆಗಳು ಅಲಬಾಮದ ಆನಿಸ್ಟನ್ ಬಳಿಯೂ ಓಹಾಯೋದ ಪೋರ್ಟ್ ಕ್ಲಿಂಟನ್ ಬಳಿಯೂ ಇವೆ. ಆದರೆ ಕೊಳ್ಳುವವರು ಅಮೆರಿಕದ ಪೌರರಾಗಿರಬೇಕು. ಗ್ರೀನ್ ಕಾರ್ಡ್ ಇರುವವರು ಪರವಾನಗಿ ಪಡೆದ ಅಂಗಡಿಯಲ್ಲಿ ಹಿನ್ನೆಲೆ ತಪಾಸಣೆಯ ನಂತರ ಕೊಳ್ಳಬಹುದು. ಎಚ್1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವ ನಮ್ಮವರಿಗೆ ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕೋವಿ ಇಟ್ಟುಕೊಳ್ಳುವುದೇ ನಿಷಿದ್ಧ. ರಾಜ್ಯಗಳ ಕಾನೂನುಗಳು ಇದರ ಮೇಲೆ ಬೇರೆ ಇವೆ, ಅವನ್ನು ಮೊದಲೇ ಓದಿಕೊಳ್ಳಬೇಕು.

ತೋಟೆಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಗರಾಂಡ್‌ನ ತೋಟೆಯ ಅಳತೆ .30-06, ಆದರೆ ಅಂಗಡಿಯಲ್ಲಿ ಸಿಗುವ ಆ ಅಳತೆಯ ತೋಟೆಗಳೆಲ್ಲ ಈ ರೈಫಲ್‌ಗೆ ಹೊಂದುವುದಿಲ್ಲ. ಸೇನೆಯ ಎಂ2 ಬಾಲ್ ತೋಟೆಗೆ ಸಮನಾದ, ಸುಮಾರು 150 ಗ್ರೇನ್ ತೂಕದ ಗುಂಡಿನ ತೋಟೆಗಳನ್ನೇ ನಾನು ಬಳಸುತ್ತೇನೆ. ಬೇಟೆಗಾಗಿ ಮಾರುವ ಭಾರದ ಗುಂಡುಗಳ, ನಿಧಾನ ಉರಿಯುವ ಮದ್ದಿನ ತೋಟೆಗಳು ಅನಿಲದ ರಂಧ್ರದ ಬಳಿ ಹೆಚ್ಚಿನ ಒತ್ತಡ ತಂದು ರಾಡನ್ನು ಬಾಗಿಸಬಲ್ಲವು. ದೊಡ್ಡ ಸ್ಪ್ರಿಂಗನ್ನೂ ಕ್ಲಿಪ್ ಲ್ಯಾಚ್‌ನ ಸ್ಪ್ರಿಂಗನ್ನೂ ಈಗ ಹೊಸದಾಗಿ ತರಿಸಿಟ್ಟುಕೊಂಡಿದ್ದೇನೆ. ಹಳೆಯವು ಕೆಲಸ ಮಾಡುತ್ತಿರುವವರೆಗೆ ಅವನ್ನು ತೆಗೆಯುವುದಿಲ್ಲ.