ಹಂದಿಗೆ ಡಿಡಿಜಿಎಸ್: ದೀರ್ಘ ಬಳಕೆಯ ನಂತರ 5ಕ್ಕೆ 3.5 ಅಂಕ

ಎಥನಾಲ್ ಕಾರ್ಖಾನೆಯಲ್ಲಿ ಮೆಕ್ಕೆಜೋಳದ ಪಿಷ್ಟ ಮದ್ಯಸಾರವಾಗಿ ಹೋದ ಮೇಲೆ ಉಳಿಯುವ ಗಸಿಯನ್ನು ಒಣಗಿಸಿದರೆ ಡಿಡಿಜಿಎಸ್. ಮೂರು ಕಿಲೋ ಕಾಳಿಗೆ ಹತ್ತಿರಹತ್ತಿರ ಒಂದು ಕಿಲೋ ಸಿಗುತ್ತದೆ. ಹಾಗಾಗಿ ಪಿಷ್ಟ ಬಿಟ್ಟು ಉಳಿದದ್ದೆಲ್ಲ ಸುಮಾರು ಮೂರು ಪಟ್ಟು ಹೆಚ್ಚು: ಪ್ರೋಟೀನ್, ನಾರು, ರಂಜಕ, ಕೊನೆಗೆ ಬೂಷ್ಟಿನ ವಿಷ ಕೂಡ. ಇದರ ಒಳಿತು ಕೆಡುಕು ಎರಡೂ ಈ ಲೆಕ್ಕದಲ್ಲೇ ಇವೆ.

ಚೀಲದ ಮೇಲೆ ಪ್ರೋಟೀನ್ 27% ಎಂದಿರುವುದನ್ನು ನೋಡಿ ಸೋಯಾ ಹಿಂಡಿ ಪೂರ್ತಿ ಕಿತ್ತುಹಾಕುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಈ ಪ್ರೋಟೀನಿನಲ್ಲಿ ಲೈಸಿನ್ (ಮಾಂಸ ಕಟ್ಟಲು ಬೇಕಾದ ಅಮೈನೋ ಆಮ್ಲ) ಕಡಿಮೆ, ಇರುವುದರಲ್ಲೂ ಹಂದಿಗೆ ದಕ್ಕುವುದು ಸುಮಾರು 60% ಮಾತ್ರ. ಲೈಸಿನ್ ಬೇರೆಯಾಗಿ ಸೇರಿಸದಿದ್ದರೆ ಬೆಳವಣಿಗೆ ಕುಂಟುತ್ತದೆ, ಮಾಂಸಕ್ಕಿಂತ ಕೊಬ್ಬು ಕಟ್ಟುತ್ತದೆ. 50ರಿಂದ 80 ಕಿಲೋ ತೂಗುವ ಹಂದಿಗಳಿಗೆ 100 ಕಿಲೋ ಮಿಶ್ರಣ ಹೀಗಿದ್ದರೆ ಲೆಕ್ಕ ಸರಿಹೋಗುತ್ತದೆ: ಮೆಕ್ಕೆಜೋಳ 58, ಸೋಯಾ ಹಿಂಡಿ 15, ಡಿಡಿಜಿಎಸ್ 25, ಸುಣ್ಣಕಲ್ಲಿನ ಪುಡಿ 1.1, ಉಪ್ಪು 0.35, ಲೈಸಿನ್ ಎಚ್‌ಸಿಎಲ್ (ಬೇರೆಯಾಗಿ ಸೇರಿಸುವ ಲೈಸಿನ್ ಪುಡಿ) 0.3, ವಿಟಮಿನ್-ಖನಿಜ ಪ್ರೀಮಿಕ್ಸ್ 0.25 ಕಿಲೋ. ರಂಜಕಕ್ಕಾಗಿ ಹಾಕುವ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಇಲ್ಲದಿರುವುದು ಮರೆವಲ್ಲ. ಹುದುಗುವಾಗ ಫೈಟೇಟ್ (ಕಾಳಿನಲ್ಲಿ ರಂಜಕವನ್ನು ಹಿಡಿದಿಟ್ಟಿರುವ ಅಂಶ) ಒಡೆಯುವುದರಿಂದ ಡಿಡಿಜಿಎಸ್‌ನ ರಂಜಕ ಕಾಳಿನದಕ್ಕಿಂತ ಚೆನ್ನಾಗಿ ದಕ್ಕುತ್ತದೆ. ಅರ್ಧ ಅಂಕ ಜಾಸ್ತಿ ಕೊಟ್ಟದ್ದು ಇದಕ್ಕೇ.

ಗಬ್ಬದ ಹಂದಿಗೆ 40% ವರೆಗೂ ನಡೆಯುತ್ತದೆ; ನಾರಿನಿಂದ ಹೊಟ್ಟೆ ತುಂಬಿ ಗಲಾಟೆ ಕಡಿಮೆಯಾಗುತ್ತದೆ. ಹಾಲು ಬಿಡಿಸಿದ ಮರಿಗಳಿಗೆ ಮೊದಲ ಎರಡು ಮೂರು ವಾರ ಬೇಡವೇ ಬೇಡ. ಯಾರಿಗೇ ಆಗಲಿ, ಒಂದು ವಾರ ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಬೇಕು.

ಈಗ ತಲೆನೋವಿನ ಭಾಗ. ಒಂದು ಲೋಡ್ ಇದ್ದಂತೆ ಇನ್ನೊಂದಿಲ್ಲ. ಹೊಂಬಣ್ಣ, ಹುಳಿಸಿಹಿ ವಾಸನೆ ಇದ್ದರೆ ಇಳಿಸಿಕೊಳ್ಳಿ. ಕಾಫಿಪುಡಿಯ ಬಣ್ಣ, ಸುಟ್ಟ ವಾಸನೆ ಇದ್ದರೆ ಡ್ರೈಯರ್‌ನಲ್ಲಿ ಲೈಸಿನ್ ಹಾಳಾಗಿದೆ ಎಂದೇ ತಿಳಿಯಿರಿ, ವಾಪಸ್ ಕಳಿಸಿ. ಬಣ್ಣ ಚೆನ್ನಾಗಿದ್ದ ಮಾತ್ರಕ್ಕೆ ವಿಷ ಇಲ್ಲವೆಂದಲ್ಲ: ಬೂಷ್ಟಿನ ವಿಷ ಹುದುಗಿದರೂ ಹೋಗದು, ಒಣಗಿಸಿದರೂ ಹೋಗದು. ಹಂದಿಗಳು ತೊಟ್ಟಿಗೆ ಮೂತಿ ಇಟ್ಟು ಹಿಂದೆ ಸರಿದರೆ, ವಾಂತಿ ಮಾಡಿದರೆ ಡಾನ್ ಎಂಬ ಬೂಷ್ಟಿನ ವಿಷದ ಮೇಲೆ ಸಂಶಯಪಡಿ. ಎಳೆಯ ಹೆಣ್ಣುಗಳ ಯೋನಿ ಊದಿ ಕೆಂಪಾದರೆ ಜಿಯರಲೆನೋನ್ ಎಂಬ ಇನ್ನೊಂದು ಬೂಷ್ಟಿನ ವಿಷದ ಮೇಲೆ. ಲೋಡಿನ ಎಂಟು ಹತ್ತು ಕಡೆಯಿಂದ ಮಾದರಿ ತೆಗೆದು, ಬೆರೆಸಿ, ಪರೀಕ್ಷೆಗೆ ಕಳಿಸಿ. ಒಂದೇ ಹಿಡಿ ತೆಗೆದರೆ ವರದಿಗೆ ಬೆಲೆಯಿಲ್ಲ.

ತೇವಾಂಶ 12% ದಾಟಿದ ಮಾಲು ಬೇಗ ಬೂಷ್ಟು ಹಿಡಿಯುತ್ತದೆ. ನುಣ್ಣಗಿನ ಪುಡಿ ಬಿನ್‌ನೊಳಗೆ ಕಮಾನು ಕಟ್ಟಿ ಇಳಿಯದೆ ನಿಲ್ಲುವುದೂ ಉಂಟು.

ಇನ್ನೊಂದು: ಇದರ ಎಣ್ಣೆಯಿಂದ ಹಂದಿಯ ಕೊಬ್ಬು ಮೆತ್ತಗಾಗುತ್ತದೆ, ಬೇಕನ್ ಹೋಳು ಸರಿಯಾಗಿ ಬರುವುದಿಲ್ಲ. ನಾರಿನಿಂದ ಕರುಳು ತುಂಬಿ, ಕಡಿದ ಮೇಲೆ ಸಿಗುವ ಮಾಂಸದ ಪಾಲೂ ಇಳಿಯುತ್ತದೆ. ಮಾರಾಟಕ್ಕೆ ಮೂರು ನಾಲ್ಕು ವಾರ ಇರುವಾಗಲೇ ನಿಲ್ಲಿಸಬೇಕು.

ಬಿಯರ್ ಕಾರ್ಖಾನೆಯ ಹಸಿ ಗಸಿ ಅಗ್ಗ ಎನ್ನುವವರು ಅದರಲ್ಲಿ 75ರಿಂದ 80% ನೀರೇ ಇರುವುದನ್ನು ಮರೆಯುತ್ತಾರೆ. 10 ಕಿಲೋಗೆ ಒಣ ಪದಾರ್ಥ ಎರಡು, ಎರಡೂವರೆ ಕಿಲೋ ಅಷ್ಟೇ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಕೆಡುತ್ತದೆ. ಕಾರ್ಖಾನೆ ಹತ್ತಿರವಿದ್ದು, ಗಬ್ಬದ ಹಂದಿಗಳು ಸಾಕಷ್ಟಿದ್ದರೆ ಮಾತ್ರ ಅದು ಲಾಭ.